ಸಾಗರದ ಹತ್ರ ಎರಡು ದಿನದ ಕಥಾ ಶಿಬಿರ: ವಾಲಿ ಮಾತೂ ಸರಿ, ರಾಮನ ಮಾತೂ ಸರಿ

ಮೊದ್ಲೇ ಹೇಳ್ಬಿಡ್ತೀನಿ, ಕಥೆ ಬರೆಯೋ ಆಸೆ ಇರೋರು, ಅದ್ರಲ್ಲೂ "ನಿಮ್ಮ ಕಥೇಲಿ ಸಂಘರ್ಷನೇ ಇಲ್ಲ" ಅಂತ ಯಾರಿಂದಾದ್ರೂ ಅನ್ನಿಸ್ಕೊಂಡೋರು, ಧೈರ್ಯವಾಗಿ ಹೋಗ್ಬಹುದಾದ ಶಿಬಿರ ಇದು. ಸೆಪ್ಟೆಂಬರ್ ಕೊನೇ ವಾರದ ಶನಿವಾರ ಭಾನುವಾರ, ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಒಳಗೆ ಸುಮಾರು 18 ಕಿಲೋಮೀಟರ್ ದೂರದ ಒಂದು ಹಳೇ ಮನೇಲಿ ನಡೀತು. ಫೀಸು 3,800 ರೂಪಾಯಿ, ಊಟ ತಿಂಡಿ ಒಂದು ರಾತ್ರಿ ಉಳಿಯೋದು ಎಲ್ಲಾ ಸೇರಿ. ನಡೆಸೋರ ಹೆಸರು ಹಾಕ್ತಿಲ್ಲ, ಯಾಕಂದ್ರೆ ಕೆಲವು ವಿಷಯದಲ್ಲಿ ನಂಗೆ ಬೇಜಾರಾಗಿದೆ, ಅದನ್ನ ಅವ್ರಿಗೇ ನೇರ ಬರೆದು ತಿಳಿಸಿದೀನಿ, ಇಲ್ಲಿ ಹೆಸರು ಎತ್ತಿ ಆಡ್ಕೊಳೋದು ಬೇಡ. ಕಲಿಸಿದ್ದು ಏನು ಅನ್ನೋದು ಮುಖ್ಯ, ಅದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ.

ನಾನು ಯಾಕೆ ಹೋದೆ ಅಂದ್ರೆ, ನಾಲ್ಕು ವರ್ಷದಿಂದ ಕಥೆ ಬರೀತಿದೀನಿ, ಮೂರು ಕಥೆ ಪತ್ರಿಕೆಯಿಂದ ವಾಪಸ್ ಬಂದಿತ್ತು. ಅದ್ರಲ್ಲಿ ಒಂದ್ಸಲ ಮಾತ್ರ ಯಾರೋ ಪುಣ್ಯಾತ್ಮರು ಎರಡು ಸಾಲು ಬರೆದಿದ್ರು, ಪಾತ್ರಗಳು ಜಗಳ ಆಡ್ತಾವೆ, ಆದ್ರೆ ಕಥೇಲಿ ಸಂಘರ್ಷ ಇಲ್ಲ ಅಂತ. ಇದು ನಂಗೆ ಅರ್ಥನೇ ಆಗಿರ್ಲಿಲ್ಲ. ಜಗಳ ಅಲ್ದೆ ಇನ್ನೇನು ಸಂಘರ್ಷ ಅಂದ್ರೆ? ನನ್ನ ಕಥೇಲಿ ಮಗ ತಟ್ಟೆ ನೂಕಿ ಎದ್ದು ಹೋಗ್ತಾನೆ, ಅಪ್ಪ ಅಂಗಳದಲ್ಲಿ ನಿಂತು ಕೂಗ್ತಾರೆ, ಅಮ್ಮ ಅಳ್ತಾರೆ, ಇಷ್ಟೆಲ್ಲಾ ಆದ್ಮೇಲೂ ಸಂಘರ್ಷ ಇಲ್ಲ ಅಂದ್ರೆ ಹೇಗೆ ಅಂತ ತುಂಬಾ ದಿನ ತಲೆ ಕೆಡಿಸ್ಕೊಂಡಿದ್ದೆ. ಈ ಶಿಬಿರದ ವಿಷಯ "ಎದುರು ವಾದ" ಅಂತ ನೋಡಿದ ತಕ್ಷಣ ದುಡ್ಡು ಕಟ್ಟಿದ್ದು ಅದಕ್ಕೇ.

ಮುಖ್ಯವಾಗಿ ಪಾಠ ಮಾಡಿದ್ದು ಒಬ್ರು ರಿಟೈರ್ಡ್ ಕನ್ನಡ ಲೆಕ್ಚರರ್, ಎಲ್ರೂ ಮೇಷ್ಟ್ರೇ ಅಂತ ಕರೀತಿದ್ರು. ತಾಳಮದ್ದಳೇಲಿ ಅರ್ಥ ಹೇಳೋರು, ಅಂದ್ರೆ ಕೂತಲ್ಲೇ ಪಾತ್ರವಾಗಿ ಮಾತಾಡೋರು. ಮೊದಲ್ನೇ ಗಂಟೇಲಿ ಅವ್ರು ಮಾಡಿದ್ದು ಇಷ್ಟೇ, ಬಂದಿದ್ದ 26 ಜನಕ್ಕೂ ನಿಮ್ಮ ಕಥೇಲಿ ಎದುರಾಳಿ ಯಾರು, ಒಂದು ಸಾಲಲ್ಲಿ ಹೇಳಿ ಅಂದ್ರು. ಕುಡುಕ ಗಂಡ, ಬಡ್ಡಿ ಸಾಲ ಕೊಡೋನು, ಲಂಚ ತಿನ್ನೋ ಆಫೀಸರು, ಕಾಟ ಕೊಡೋ ಅತ್ತೆ, ಹೀಗೆ ಬಂತು. ನಾನು "ಅಡಿಕೆ ತೋಟ ಮಾರೋಕೆ ಹೊರಟಿರೋ ಮಗ" ಅಂದೆ. ಎಲ್ಲಾ ಬೋರ್ಡ್ ಮೇಲೆ ಬರ್ಕೊಂಡು ತಿರುಗಿ ಕೇಳಿದ್ರು, "ಇವ್ರ ಪರವಾಗಿ ಕೂತು ಹತ್ತು ನಿಮಿಷ ಅರ್ಥ ಹೇಳೋಕೆ ನಿಮ್ಗೆ ಆಗುತ್ತಾ? ಆಗಲ್ಲ ಅಂದ್ರೆ ನಿಮ್ಮ ಕಥೇಲಿ ಇರೋದು ಒಬ್ರೇ ಅಂತ ಲೆಕ್ಕ." ಯಾರೂ ಮಾತಾಡ್ಲಿಲ್ಲ. ನಂಗಂತೂ ಆ ಪತ್ರಿಕೆಯವರ ಎರಡು ಸಾಲು ಆಗ ಅರ್ಥ ಆಯ್ತು. ನನ್ನ ಕಥೆಯ ಮಗ ಕೂಗಾಡ್ತಿದ್ದ ಅಷ್ಟೇ, ಅವನ ಹತ್ರ ವಾದನೇ ಇರ್ಲಿಲ್ಲ.

ತಾಳಮದ್ದಳೆ ನೋಡಿ ಗೊತ್ತಿಲ್ದೆ ಇರೋರಿಗೆ ಸ್ವಲ್ಪ ಹೇಳ್ತೀನಿ. ಯಕ್ಷಗಾನದ್ದೇ ಪ್ರಸಂಗ, ಅದೇ ಪದ್ಯ, ಅದೇ ಭಾಗವತರು, ಚೆಂಡೆ ಮದ್ದಳೆ, ಆದ್ರೆ ವೇಷ ಇಲ್ಲ ಕುಣಿತ ಇಲ್ಲ. ಅರ್ಥಧಾರಿಗಳು ಪಂಚೆ ಶಾಲು ಹಾಕ್ಕೊಂಡು ಎದುರುಬದುರು ಕೂರ್ತಾರೆ. ಭಾಗವತರು ಪದ್ಯ ಹೇಳ್ತಾರೆ, ಆ ಪದ್ಯಕ್ಕೆ ಇವ್ರು ಪಾತ್ರವಾಗಿ ಮಾತಾಡ್ತಾರೆ, ಬರೆದಿಟ್ಟ ಮಾತು ಯಾವ್ದೂ ಇಲ್ಲ, ಎಲ್ಲಾ ಆಗಿಂದಾಗ್ಲೇ ಹುಟ್ಟಬೇಕು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಿರುತ್ತಲ್ಲ, ಆಗ ಕರಾವಳಿ ಮಲೆನಾಡಲ್ಲಿ ಇದು ಜಾಸ್ತಿ. ಮೇಷ್ಟ್ರು ಹೇಳಿದ ಒಂದು ಮಾತು ನಂಗೆ ತುಂಬಾ ದೊಡ್ಡದು ಅನ್ಸ್ತು. ವಾಲಿ ಸಾಯ್ತಾನೆ ಅಂತ ಮುಂದಿನ ಸಾಲಲ್ಲಿ ಕೂತ ಮಗೂಗೂ ಗೊತ್ತು. ಅರ್ಥಧಾರಿ ಎಷ್ಟೇ ದೊಡ್ಡ ಪಂಡಿತ ಆಗ್ಲಿ ವಾಲೀನ ಬದುಕಿಸೋ ಹಾಗಿಲ್ಲ, ಪದ್ಯ ಬಿಡಲ್ಲ. ಆದ್ರೂ ಜನ ರಾತ್ರಿಯೆಲ್ಲಾ ಯಾಕೆ ಕೂರ್ತಾರೆ? ಏನಾಗುತ್ತೆ ಅಂತ ನೋಡೋಕಲ್ಲ, ವಾಲಿ ಕೇಳೋ ಪ್ರಶ್ನೆಗೆ ರಾಮನ ಹತ್ರ ಉತ್ತರ ಇದ್ಯಾ ಅಂತ ನೋಡೋಕೆ. ನಾವು ಕಥೆ ಬರೆಯೋರು ಕೊನೆ ಮುಚ್ಚಿಡೋದ್ರಲ್ಲೇ ಎಲ್ಲಾ ಶಕ್ತಿ ಖರ್ಚು ಮಾಡ್ತೀವಿ, ಇಲ್ಲಿ ಕೊನೆ ಬಾಗಿಲಲ್ಲೇ ಹೇಳಿ ಒಳಗೆ ಕರೀತಾರೆ.

ವಾಲಿಯ ವಾದ ಏನು ಅಂತ ಒಮ್ಮೆ ನೋಡಿ. ನಂಗೂ ನಿಂಗೂ ವೈರ ಇರ್ಲಿಲ್ಲ, ನಾನು ನಿನ್ನ ರಾಜ್ಯಕ್ಕೆ ಬಂದಿರ್ಲಿಲ್ಲ, ನನ್ನ ತಮ್ಮನ ಜೊತೆ ಯುದ್ಧ ಮಾಡ್ತಿದ್ದಾಗ ಮರೆಯಲ್ಲಿ ನಿಂತು ಯಾಕೆ ಹೊಡೆದೆ? ಸೀತೆ ಬೇಕಿದ್ರೆ ನನ್ನನ್ನ ಕೇಳ್ಬಹುದಿತ್ತಲ್ಲ, ರಾವಣನ್ನ ಕಟ್ಟಿ ತಂದು ಕೊಡ್ತಿದ್ದೆ. ಇದಕ್ಕೆ ರಾಮ, ನೀನು ತಮ್ಮನ ಹೆಂಡತಿ ರುಮೆಯನ್ನ ಇಟ್ಕೊಂಡೆ, ಈ ಭೂಮಿ ಇಕ್ಷ್ವಾಕುಗಳದ್ದು, ಭರತ ಆಳ್ತಿದಾನೆ, ಅವನ ಪರವಾಗಿ ಅಧರ್ಮಕ್ಕೆ ಶಿಕ್ಷೆ ಕೊಡೋ ಹಕ್ಕು ನಂಗಿದೆ ಅಂತಾನೆ. ಆಮೇಲೆ ನೀನು ಮೃಗ, ಬೇಟೆಗೆ ಮರೆ ಸಲ್ಲುತ್ತೆ ಅನ್ನೋ ಮಾತೂ ಬರುತ್ತೆ. ಮೃಗ ಅಂದ್ಮೇಲೆ ಧರ್ಮ ಅಧರ್ಮ ನಂಗೆಲ್ಲಿ ಅಂಟುತ್ತೆ ಅಂತ ವಾಲಿಯ ಅರ್ಥಧಾರಿ ಹಿಡ್ಕೊಂಡ್ರೆ ರಾಮನ ಅರ್ಥಧಾರಿ ಬೆವರಬೇಕು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿದೋರು ಅದನ್ನ ಇವತ್ತಿಗೂ ನೆನಸ್ಕೋತಾರೆ. ಅವ್ರು ಹೋಗಿದ್ದು 2006ರಲ್ಲಿ, ಇನ್ನೂ ಅವರ ವಾಲಿ ಬಗ್ಗೆ ಮಾತಾಡ್ತಾರೆ ಅಂದ್ರೆ ಸೋಲೋ ಪಾತ್ರಕ್ಕೆ ಅಷ್ಟು ಬಲ ತುಂಬಿದ್ರು ಅಂತ ಅರ್ಥ.

ಇನ್ನೊಂದು ಉದಾಹರಣೆ ಪಾದುಕಾ ಪಟ್ಟಾಭಿಷೇಕ. ನಂಗೆ ವಾಲಿಗಿಂತ ಇದೇ ಹೆಚ್ಚು ಉಪಯೋಗಕ್ಕೆ ಬಂತು, ಯಾಕಂದ್ರೆ ಇಲ್ಲಿ ಕೆಟ್ಟೋರು ಅಂತ ಯಾರೂ ಇಲ್ಲ. ಚಿತ್ರಕೂಟದಲ್ಲಿ ಇಬ್ರು ಅಣ್ಣತಮ್ಮಂದಿರು ನಿಂತಿದಾರೆ, ಇಬ್ರಿಗೂ ಸಿಂಹಾಸನ ಬೇಡ. ನೀನು ತಗೋ ನೀನು ತಗೋ ಅನ್ನೋ ಜಗಳ. ಲೋಕದಲ್ಲಿ ನಂಗೆ ಬೇಕು ನಂಗೆ ಬೇಕು ಅಂತ ಬಡಿದಾಡೋದು ನೋಡಿದೀವಿ, ಬೇಡ ಅಂತ ಬಡಿದಾಡೋದ್ರಲ್ಲೂ ಅಷ್ಟೇ ಬಿಸಿ ಹುಟ್ಟುತ್ತೆ ಅಂತ ನಾನು ಯೋಚನೆನೇ ಮಾಡಿರ್ಲಿಲ್ಲ. ಭರತ ಹೇಳೋದು, ಹಿರಿಯ ಮಗ ಆಳೋದು ವಂಶದ ನ್ಯಾಯ, ಅಮ್ಮ ಕೇಳಿ ಪಡೆದಿದ್ದು ನಂದಲ್ಲ, ನಾನು ಕೂತ್ರೆ ಅವಳ ತಪ್ಪಿಗೆ ನಾನು ಪಾಲುದಾರ. ರಾಮ ಹೇಳೋದು, ಅಪ್ಪ ಕೊಟ್ಟ ಮಾತು, ಅಪ್ಪ ಸತ್ತಿದಾರೆ ಅಂತ ಮಾತು ಸಾಯಲ್ಲ. ಒಂದು ಕಡೆ ನ್ಯಾಯ ಇನ್ನೊಂದು ಕಡೆ ಸತ್ಯ, ಇರೋದು ಒಂದೇ ಸಿಂಹಾಸನ. ನಡುವೆ ಜಾಬಾಲಿ ಅನ್ನೋ ಮುನಿ ಬಂದು ಸತ್ತೋನ ಮಾತಿಗೆ ಯಾಕಪ್ಪಾ ಕಾಡಲ್ಲಿ ಒಣಗ್ತೀಯ, ಹೋಗಿ ರಾಜ್ಯ ಆಳು ಅಂತಾನೆ. ಈ ಮೂರನೇ ದನಿಗೆ ರಾಮ ಎಷ್ಟು ಸಿಟ್ಟಾಗ್ತಾನೆ ನೋಡಿದ್ರೆ, ಭರತನ ವಾದಕ್ಕೆ ಅವನು ಎಷ್ಟು ಮರ್ಯಾದೆ ಕೊಟ್ಟಿದ್ದ ಅನ್ನೋದು ಗೊತ್ತಾಗುತ್ತೆ. ಸುಲಭದ ದಾರಿ ತೋರ್ಸೋ ಒಂದು ಪಾತ್ರನ ನಡುವೆ ನಿಲ್ಲಿಸಿ, ಆಗ ಕಷ್ಟದ ದಾರಿ ಎರಡೂ ಸ್ಪಷ್ಟ ಕಾಣುತ್ತೆ ಅಂತ ಮೇಷ್ಟ್ರು ಹೇಳಿದ್ರು, ಇದನ್ನ ನಾನು ನೋಟ್‌ಬುಕ್ಕಲ್ಲಿ ಎರಡು ಸಲ ಬರ್ಕೊಂಡಿದೀನಿ.

ಆಮೇಲೆ ಪಾದುಕೆ. ಇಷ್ಟೊತ್ತೂ ಬರೀ ಮಾತಲ್ಲಿ ಇದ್ದದ್ದು ಈಗ ಎರಡು ಮರದ ತುಂಡಿಗೆ ಬಂದು ನಿಲ್ಲುತ್ತೆ. ಇಬ್ರೂ ಗೆಲ್ಲಲಿಲ್ಲ, ಇಬ್ರೂ ಸೋಲ್ಲಿಲ್ಲ. ಭರತ ಅಯೋಧ್ಯೆಯಲ್ಲೂ ಉಳಿಯಲ್ಲ, ನಂದಿಗ್ರಾಮದಲ್ಲಿ ಕೂರ್ತಾನೆ, 14 ವರ್ಷ ಮುಗಿದ ದಿನ ನೀನು ಬರದಿದ್ರೆ ಬೆಂಕಿಗೆ ಬೀಳ್ತೀನಿ ಅಂತ ಬೇರೆ ಹೇಳಿರ್ತಾನೆ. ವಾದಕ್ಕೆ ಹೀಗೆ ಒಂದು ವಸ್ತು ಸಿಗ್ಲಿಲ್ಲ ಅಂದ್ರೆ ಕಥೆ ಡಿಬೇಟ್ ಕಾಂಪಿಟೇಷನ್ ಆಗ್ಬಿಡುತ್ತೆ, ಪಾತ್ರಗಳು ಭಾಷಣ ಮಾಡ್ಕೊಂಡು ಮನೆಗೆ ಹೋಗ್ತಾವೆ. ನಾನೂ ಇಂಥ ಕಥೆ ಬರೆದಿದೀನಿ, ಓದಿದೋರಿಗೆ ಗೊತ್ತಿರುತ್ತೆ.

ಶನಿವಾರ ಮಧ್ಯಾಹ್ನದ ಸೆಷನ್ ಬೇರೆಯೋರು ತಗೊಂಡ್ರು, ಅದು ಚೆನ್ನಾಗಿರ್ಲಿಲ್ಲ. ಎರಡು ಗಂಟೆ ಸ್ಲೈಡು. ಹೀರೋ, ವಿಲನ್, ಆಕ್ಟ್ ಒಂದು, ಆಕ್ಟ್ ಎರಡು, ಬಾಣದ ಗುರುತು ಹಾಕಿದ ಗ್ರಾಫು. ತಪ್ಪು ಅಂತ ಹೇಳ್ತಿಲ್ಲ, ಸಿನಿಮಾ ಸೀರಿಯಲ್ ಬರೆಯೋರಿಗೆ ಬೇಕಾಗಬಹುದು, ಆದ್ರೆ ಬೆಳಿಗ್ಗೆ ಕಲ್ತಿದ್ದಕ್ಕೂ ಇದಕ್ಕೂ ಕೊಂಡಿನೇ ಇರ್ಲಿಲ್ಲ, ಊಟ ಆಗಿತ್ತು ಬೇರೆ, ಅರ್ಧ ಜನ ತೂಕಡಿಸ್ತಿದ್ರು. ಈ ಎರಡು ಗಂಟೆ ಮೇಷ್ಟ್ರಿಗೇ ಕೊಟ್ಟಿದ್ರೆ ಇನ್ನೂ ನಾಲ್ಕು ಜನದ ಕಥೆ ತಗೋಬಹುದಿತ್ತು.

ರಾತ್ರಿ ಜಗಲಿ ಮೇಲೆ ತಾಳಮದ್ದಳೆ ಇಟ್ಕೊಂಡಿದ್ರು. ವಾಲಿ ಪ್ರಸಂಗನೇ. ಹೊರಗೆ ಮಳೆ, ಕರೆಂಟು ಎರಡು ಸಲ ಹೋಯ್ತು, ನಿಲ್ಲಿಸ್ಲಿಲ್ಲ. ವಾಲಿಗೆ ಕೂತೋರು ಪಕ್ಕದೂರಿನ ಒಬ್ಬ ಕೃಷಿಕರು, ಅಂಗೈ ಎಲ್ಲಾ ಅಡಿಕೆ ಸುಲಿದು ಕಪ್ಪಾಗಿತ್ತು. ಬಾಣ ತಾಗಿದ ಪದ್ಯ ಮುಗಿದ ಮೇಲೆ ಅವ್ರು ತಕ್ಷಣ ಮಾತಾಡ್ಲಿಲ್ಲ. ಮದ್ದಳೆ ನಿಂತಿದೆ, ಎಲ್ರೂ ಕಾಯ್ತಿದಾರೆ, ಅವ್ರು ಹೆಗಲ ಶಾಲು ತೆಗೆದು ಮಡಚಿ ತೊಡೆ ಮೇಲೆ ಇಟ್ಕೊಂಡ್ರು, ಆಮೇಲೆ ಬಹಳ ಮೆಲ್ಲಗೆ, "ನಿನ್ನ ಹೆಸರು ಕೇಳಿದ್ದೆ ರಾಮಾ, ಒಳ್ಳೇ ಹೆಸರು ಕೇಳಿದ್ದೆ" ಅಂದ್ರು. ಅಷ್ಟೇ. ಬಯ್ಗುಳ ಇಲ್ಲ, ಕೂಗಾಟ ಇಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಕಾಲೇಜ್ ಹುಡುಗ ಉಸಿರು ಎಳ್ಕೊಂಡಿದ್ದು ನಂಗೆ ಕೇಳಿಸ್ತು. ರಾಮನ ಪಾತ್ರದೋರು ಅದಕ್ಕೆ ಉತ್ತರ ಹುಡುಕೋಕೆ ಕುತ್ಕೊಂಡಲ್ಲೇ ಸ್ವಲ್ಪ ಹಿಂದೆ ಸರಿದ್ರು ನೋಡಿ, ಆ ಒಂದು ಗೇಣು ಸರಿದಿದ್ದಕ್ಕೇ ನಾನು ಫೀಸು ಕೊಟ್ಟಿದ್ದು ಅನ್ಸ್ತು. ಮಾರನೇ ದಿನ ಬೆಳಿಗ್ಗೆ ಗೊತ್ತಾಯ್ತು, ಅದೇ ವಾಲಿ ಪಾತ್ರದೋರು ಹಿಂದಿನ ವಾರ ಇನ್ನೊಂದು ಕಡೆ ರಾಮನ ಅರ್ಥ ಹೇಳಿದ್ರಂತೆ. ಇವತ್ತು ಹಾಕಿದ ಪ್ರಶ್ನೆಗೆ ನಾಳೆ ತಾವೇ ಉತ್ತರ ಕೊಡಬೇಕಾಗಬಹುದು ಅಂತ ಗೊತ್ತಿರೋದ್ರಿಂದ ಅವ್ರು ಸುಳ್ಳು ಪ್ರಶ್ನೆ ಹಾಕಲ್ಲ, ಸೊಟ್ಟ ಉತ್ತರ ಕೊಡಲ್ಲ.

ಭಾನುವಾರ ಬೆಳಿಗ್ಗೆ ಇದನ್ನೇ ನಮ್ಮ ಕಥೆಗಳ ಮೇಲೆ ಮಾಡಿಸಿದ್ರು. ಇಬ್ಬಿಬ್ರನ್ನ ಎದುರುಬದುರು ಕೂರಿಸಿ, ಒಂದು ಕಥೆ ತಗೊಂಡು, ಬರೆದೋರು ತಮಗೆ ಆಗದ ಪಾತ್ರ ತಗೋಬೇಕು, ಎದುರಿನೋರು ಇನ್ನೊಂದು. ಹತ್ತು ನಿಮಿಷ ಆದ್ಮೇಲೆ ಅದಲುಬದಲು. ನನ್ನ ಎದುರು ಬಂದೋರು ಶಿರಸಿ ಕಡೆಯ ಒಬ್ರು ರಿಟೈರ್ಡ್ ಟೀಚರ್, ಎಲ್ರಿಗೂ ಅಕ್ಕೋರು. ನನ್ನ ಕಥೆ ಇಷ್ಟು: ಅಪ್ಪಂಗೆ ಎರಡು ಎಕರೆ ಅಡಿಕೆ ತೋಟ, ಮಗ ಬೆಂಗಳೂರಲ್ಲಿ, ಮಾರಿಬಿಡೋಣ ಅಂತಾನೆ, ಅಪ್ಪ ಒಪ್ಪಲ್ಲ. ನಾನು ಬರೆದ ಕಥೇಲಿ ಮಗ ದುಡ್ಡಿನಾಸೆಯೋನು, ಅಪ್ಪ ಮಣ್ಣಿನ ಮಗ, ಮುಗೀತು.

ಮೊದಲ ಸುತ್ತಲ್ಲಿ ನಾನು ಮಗ. ಎರಡು ನಿಮಿಷಕ್ಕೇ ಮಾತು ಖಾಲಿ. ಸೈಟು ತಗೋಬೇಕು, ಇಎಂಐ ಇದೆ, ಇನ್ನೇನು ಹೇಳ್ಲಿ? ಅಕ್ಕೋರು ಅಪ್ಪನಾಗಿ ಕೂತು "ತಮಾ, ನಿಂಗೆ ಈ ತೋಟ ಓದ್ಸಿದ್ದು" ಅಂದ್ರೆ ನಾನು ತಲೆ ತಗ್ಗಿಸಿದೆ. ಆಮೇಲೆ ಬದಲಾಯಿಸಿದ್ರು. ಈಗ ಅಕ್ಕೋರು ಮಗ. ಅವ್ರು ಶುರು ಮಾಡಿದ್ದು ದುಡ್ಡಿನಿಂದ ಅಲ್ಲವೇ ಅಲ್ಲ.

"ಅಪ್ಪಯ್ಯ, ಹೋದ ವರ್ಷ ಅಡಿಕೆಗೆ ಕೊಳೆ ರೋಗ ಬಂದಾಗ ಔಷಧಿ ಹೊಡೆಯೋಕೆ ಮರ ಹತ್ತೋರು ಎಷ್ಟು ದಿನ ಸಿಗ್ಲಿಲ್ಲ? ನೀವೇ ಹತ್ತಿದ್ರಿ. 68 ವರ್ಷಕ್ಕೆ, ಮಳೇಲಿ, ಜಾರೋ ಮರ. ಅಮ್ಮ ಫೋನ್ ಮಾಡಿ ಹೇಳಿದ್ಲು, ನೀವು ಹೇಳ್ಬೇಡ ಅಂದಿದ್ರಂತೆ. ಆ ರಾತ್ರಿಯಿಂದ ಫೋನ್ ಬಂದಾಗೆಲ್ಲಾ ನಂಗೆ ಮೊದಲು ಬರೋ ಯೋಚನೆ ನೀವು ಬಿದ್ರಿ ಅಂತ್ಲೇ. ತೋಟ ಉಳಿಸ್ಕೊಳೋಕೆ ನಿಮ್ಮನ್ನ ಕಳ್ಕೊಳ್ಲಾ? ನೀವು ನನ್ನನ್ನ ಸಾಕಿದ್ದು ತೋಟದಿಂದ ಹೌದು, ಆದ್ರೆ ನಂಗೆ ಬೇಕಾಗಿರೋದು ತೋಟ ಅಲ್ಲ."

ಅಕ್ಕೋರಿಗೆ ನಮ್ಮನೆ ವಿಷಯ ಏನೇನೂ ಗೊತ್ತಿಲ್ಲ. ಅವ್ರು ಅವರ ಕಡೆಯ ತೋಟಗಳನ್ನ ನೋಡಿ ಹೇಳಿದ್ದು. ಆದ್ರೆ ಇದು ನಮ್ಮನೇದೇ ಕಥೆ, ನಾನೇ ಆ ಮಗ, ಈ ಮಾತನ್ನ ನಾನು ನನ್ನ ಅಪ್ಪಯ್ಯಂಗೆ ಯಾವತ್ತೂ ಹೇಳಿರ್ಲಿಲ್ಲ. ಮಾರೋಣ ಅಂತ ಮನಸ್ಸಲ್ಲಿ ಬಂದಿದ್ದಕ್ಕೇ ನಾನು ಕೆಟ್ಟೋನು ಅಂದ್ಕೊಂಡು, ಕಥೇಲೂ ಆ ಮಗನ್ನ ಕೆಟ್ಟೋನು ಮಾಡಿ ಅವನ ಬಾಯಿ ಹೊಲ್ದಿದ್ದೆ. ಅಪ್ಪನ ಪಾತ್ರದಲ್ಲಿ ಕೂತಿದ್ದ ನಂಗೆ ಉತ್ತರ ಹೊಳೀಲಿಲ್ಲ, ತುಂಬಾ ಹೊತ್ತಾದ್ಮೇಲೆ "ಕೆಳಗೆ ನಿಂತ್ಕೊಂಡು ಒಣಗೋ ಮರ ನೋಡೋದಕ್ಕಿಂತ ಮೇಲಿಂದ ಬೀಳೋದು ವಾಸಿ ತಮಾ" ಅಂತ ಬಾಯಿಂದ ಬಂತು. ಇದೂ ನಾನು ಯೋಚಿಸಿ ಹೇಳಿದ್ದಲ್ಲ. ಮೇಷ್ಟ್ರು ಅಲ್ಲಿಗೇ ನಿಲ್ಲಿಸಿ, ಈಗ ಬರೀರಿ ಅಂದ್ರು.

ಇಲ್ಲಿ ನಂಗೆ ತಿಳಿದಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಮೊದಲು ನನ್ನ ಕಥೇಲಿ ಇದ್ದಿದ್ದು ದುಡ್ಡು ಮತ್ತು ಮಣ್ಣು, ಅಂದ್ರೆ ಒಂದು ಕೆಟ್ಟದ್ದು ಒಂದು ಒಳ್ಳೇದು. ಈಗ ಎರಡೂ ಕಡೆ ಪ್ರೀತಿನೇ. ಮಗನ ಪ್ರೀತಿ ಅಪ್ಪನ ಜೀವದ ಮೇಲೆ, ಅಪ್ಪನ ಪ್ರೀತಿ ಆ ಜೀವ ಯಾವುದಕ್ಕೆ ಸವೆದಿದ್ಯೋ ಅದರ ಮೇಲೆ. ಎರಡನ್ನೂ ಒಟ್ಟಿಗೆ ಉಳಿಸ್ಕೊಳೋಕೆ ಆಗಲ್ಲ. ಬೈದು ಗೆಲ್ಲೋಕೂ ಆಗಲ್ಲ, ಯಾಕಂದ್ರೆ ಬೈಯೋಕೆ ತಪ್ಪು ಯಾರದ್ದೂ ಇಲ್ಲ.

ಇನ್ನೊಂದು ವಿಷಯ ಭಾನುವಾರ ಊಟಕ್ಕೆ ಮುಂಚೆ ಬಂತು, ಬೀಗದ ವಿಷಯ. ಇಬ್ರಿಗೂ ವಾದ ಇದೆ ಸರಿ, ಆದ್ರೆ ಒಬ್ರು ಎದ್ದು ಹೋಗ್ಬಿಟ್ರೆ? ನಿಜ ಜೀವನದಲ್ಲಿ ನಾವು ಮಾಡೋದು ಅದೇ ತಾನೇ, ಟಾಪಿಕ್ ಬದಲಾಯಿಸ್ತೀವಿ, ಬಸ್ ಹತ್ತಿ ವಾಪಸ್ ಹೋಗ್ತೀವಿ. ಎದ್ದು ಹೋಗೋಕೆ ಆಗದ ಹಾಗೆ ಬಾಗಿಲು ಹಾಕೋದು ಬರೆಯೋರ ಕೆಲ್ಸ. ಇದಕ್ಕೆ ಮೇಷ್ಟ್ರು ಕೊಟ್ಟ ಉದಾಹರಣೆ ಅನಂತಮೂರ್ತಿಯವರ 1965ರ ಕಾದಂಬರಿ ಸಂಸ್ಕಾರ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಬದುಕಿಗೆ ಪೂರಾ ಎದುರು ನಿಲ್ಲೋ ನಾರಣಪ್ಪ ಶುರುವಲ್ಲೇ ಸತ್ತು ಹೋಗಿರ್ತಾನೆ. ಎದುರಾಳಿ ಸತ್ರೆ ಸಂಘರ್ಷ ಮುಗೀಬೇಕು, ಅಲ್ಲಿ ಅಲ್ಲಿಂದಲೇ ಶುರು. ಯಾಕಂದ್ರೆ ಹೆಣ ಮನೇಲಿದೆ, ಅದರ ಸಂಸ್ಕಾರ ಆಗೋವರೆಗೂ ಅಗ್ರಹಾರದಲ್ಲಿ ಯಾರೂ ಉಣ್ಣೋ ಹಾಗಿಲ್ಲ, ಸಂಸ್ಕಾರ ಮಾಡೋರು ಯಾರು ಅಂತ ತೀರ್ಮಾನ ಆಗಲ್ಲ. ಹಸಿವು ಅನ್ನೋ ಬೀಗ ಹಾಕಿದ ಮೇಲೆ ಎಂಥ ದೊಡ್ಡ ವಿಚಾರನೂ ಹೊಟ್ಟೆಗೆ ಬಂದು ಕೂರುತ್ತೆ. ಒಂದು ಕಡೆ ಕೂತು ಪ್ರಾಣೇಶಾಚಾರ್ಯ ಮತ್ತು ನಾರಣಪ್ಪ ಧರ್ಮದ ಬಗ್ಗೆ ನೂರು ಪುಟ ವಾದ ಮಾಡಿದ್ರೂ ಈ ತೂಕ ಬರ್ತಿರ್ಲಿಲ್ಲ ಅಂತ ನಂಗೂ ಅನ್ಸುತ್ತೆ.

ಪುಣ್ಯಕೋಟಿ ಮಾತೂ ಬಂತು. ನಾವೆಲ್ಲಾ ಚಿಕ್ಕವರಿದ್ದಾಗ ಹಸು ಒಳ್ಳೇದು ಹುಲಿ ಕೆಟ್ಟದ್ದು ಅಂತ ಕಲ್ತಿದ್ದು. ಅಕ್ಕೋರು ಅಲ್ಲೇ ಎದ್ದು ಒಂದು ಮಾತು ಹೇಳಿದ್ರು, ಮೂವತ್ತು ವರ್ಷ ಇದನ್ನ ಮಕ್ಕಳಿಗೆ ಹೇಳ್ಕೊಟ್ಟಿದೀನಿ, ಮಕ್ಕಳು ಅಳೋದು ಹುಲಿ ಅಡ್ಡ ಹಾಕಿದಾಗ ಅಲ್ಲ, ಕರು ಹೋಗ್ಬೇಡ ಅಂದಾಗ. ಅಂದ್ರೆ ನಿಜವಾದ ಹೋರಾಟ ಹುಲಿ ಹಸು ನಡುವೆ ಇಲ್ಲ, ಕೊಟ್ಟ ಮಾತು ಮತ್ತು ಮಡಿಲ ಕೂಸು, ಎರಡೂ ಒಬ್ಬಳದ್ದೇ. ಹುಲಿ ಬರೀ ಬೀಗ. ಮೇಷ್ಟ್ರು ಆ ಮಾತಿಗೆ ಕೈ ಮುಗಿದ್ರು. ಕರ್ಣಂಗೂ ಇದೇ ಅಂತ ಹಿಂದಿನಿಂದ ಯಾರೋ ಅಂದ್ರು, ಒಂದು ಕಡೆ ರಕ್ತ ಇನ್ನೊಂದು ಕಡೆ ಉಪ್ಪಿನ ಋಣ, ಕುಂತಿ ಬಂದಾಗ ಐದು ಮಕ್ಕಳು ನಿಂಗೆ ಉಳೀತಾರೆ ಅಂತ ಮಾತು ಕೊಟ್ಟು ಕಳಿಸ್ತಾನೆ, ಎರಡನ್ನೂ ಅರ್ಧರ್ಧ ಉಳಿಸೋಕೆ ಹೋಗಿ ತನ್ನನ್ನ ಪೂರ್ತಿ ಕೊಡ್ತಾನೆ. ಈ ಚರ್ಚೆ ಊಟದ ಬಾಳೆ ಎಲೆವರೆಗೂ ಮುಂದುವರೀತು.

ಊಟದ ವಿಷಯ ಬಂತಲ್ಲ, ಹೇಳ್ಬಿಡ್ತೀನಿ, ಪೂರ್ತಿ ಮಾರ್ಕ್ಸ್. ಬೆಳಿಗ್ಗೆ ತೆಳ್ಳಗಿನ ದೋಸೆ ಜೋನಿ ಬೆಲ್ಲ, ಮಧ್ಯಾಹ್ನ ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಭಾನುವಾರ ತೊಡೆದೇವು ಕೂಡ ಇತ್ತು. ಕಷಾಯ ಕೇಳಿದಾಗೆಲ್ಲಾ ಕೊಟ್ರು. ಬಡಿಸೋರು ಕೇಳಿ ಕೇಳಿ ಬಡಿಸಿದ್ರು.

ಈಗ ದೂರು. ಒಂದು, 26 ಜನ ಜಾಸ್ತಿ ಆಯ್ತು. ಹೀಗೆ ಎದುರುಬದುರು ಕೂರಿಸಿ ಮಾಡೋ ಪಾಠಕ್ಕೆ ಹನ್ನೆರಡು, ಹೆಚ್ಚಂದ್ರೆ ಹದಿನಾಲ್ಕು ಜನ ಸಾಕು. ಒಂಬತ್ತು ಕಥೆ ಮಾತ್ರ ತಗೊಳೋಕೆ ಆಯ್ತು, ಉಳಿದೋರು ಬರೀ ನೋಡಿದ್ರು. ನಂದು ತಗೊಂಡ್ರು ಅಂತ ನಂಗೆ ಖುಷಿ, ಆದ್ರೆ ನನ್ನಷ್ಟೇ ದುಡ್ಡು ಕಟ್ಟಿ ಕೊಪ್ಪಳದಿಂದ ರಾತ್ರಿ ಬಸ್ಸಲ್ಲಿ ಬಂದಿದ್ದ ಒಬ್ಬ ಹುಡುಗಿ ಕಥೆ ಕೈಲಿ ಹಿಡ್ಕೊಂಡೇ ವಾಪಸ್ ಹೋದ್ಲು, ಅದು ನಂಗೆ ಸರಿ ಕಾಣ್ಲಿಲ್ಲ. ಎರಡು, ಪ್ರತಿಯೊಬ್ಬರ ಕಥೆಗೂ ವಾರದೊಳಗೆ ಬರಹದಲ್ಲಿ ಅಭಿಪ್ರಾಯ ಕಳಿಸ್ತೀವಿ ಅಂತ ಮೊದಲೇ ಹೇಳಿದ್ರು. ಬಂದಿದ್ದು ಹತ್ತಿರ ಹತ್ತಿರ ಒಂದು ತಿಂಗಳಿಗೆ, ಅದೂ ಮೂರು ಸಾಲು, ಯಾರ ಕಥೆಗೆ ಬೇಕಾದ್ರೂ ಹೊಂದೋ ಅಂಥದ್ದು. ಈ ಮಾತು ಕೊಡದೇ ಇದ್ರೆ ನಾವು ಕಾಯ್ತಿರ್ಲಿಲ್ಲ. ರೂಮಿಗೆ ನಾಲ್ಕು ಜನ, ಬಿಸಿನೀರು ಬೆಳಿಗ್ಗೆ ಬೇಗ ಎದ್ದೋರಿಗೆ ಮಾತ್ರ, ಇದೆಲ್ಲಾ ನಂಗೆ ದೊಡ್ಡ ವಿಷಯ ಅಲ್ಲ, ವಯಸ್ಸಾದೋರು ಇದ್ರೆ ಕೇಳ್ಕೊಂಡು ಹೋಗಿ. ಕೊನೇ ಮೂರು ಕಿಲೋಮೀಟರ್ ಮಣ್ಣು ರಸ್ತೆ, ಸಣ್ಣ ಕಾರು ಒಯ್ದೋರು ಇಬ್ರು ಸಿಕ್ಕಾಕೊಂಡ್ರು. ನೆಟ್‌ವರ್ಕ್ ಇಲ್ಲ, ಅದು ಒಳ್ಳೇದೇ ಆಯ್ತು.

ಯಾರು ಹೋಗ್ಬೇಕು ಅಂದ್ರೆ, ಬರೆದ ಕಥೆ ಒಂದಾದ್ರೂ ಕೈಲಿ ಇರೋರು. ಇನ್ನೂ ಶುರುವೇ ಮಾಡಿಲ್ಲ ಅಂದ್ರೆ ಈ ಪಾಠ ಗಾಳೀಲಿ ಹೋಗುತ್ತೆ. ಸೀರಿಯಲ್‌ಗೆ ಎಪಿಸೋಡ್ ಹೇಗೆ ಕಟ್ಟೋದು, ಯಾರಿಗೆ ಹೇಗೆ ಮಾರೋದು ಅಂತ ತಿಳ್ಕೊಳೋಕೆ ಹೋಗೋರಿಗೆ ನಿರಾಸೆ ಆಗುತ್ತೆ, ಅದು ಇಲ್ಲಿ ಇಲ್ಲ. ತಾಳಮದ್ದಳೆ ಗೊತ್ತಿರಬೇಕು ಅಂತೇನಿಲ್ಲ, ಕೊಪ್ಪಳದ ಆ ಹುಡುಗಿ ಅದನ್ನ ಮೊದಲ್ನೇ ಸಲ ನೋಡಿದ್ದು, ರಾತ್ರಿ ಮುಗಿದ ಮೇಲೆ ಜಗಲಿ ಕಂಬಕ್ಕೆ ಒರಗಿಕೊಂಡು ತುಂಬಾ ಹೊತ್ತು ಕೂತಿದ್ಲು. ಹೋಗೋರು ಹೆಸರು ಕೊಡೋವಾಗ್ಲೇ ನನ್ನ ಕಥೆನ ಎದುರುಬದುರು ಕೂರಿಸ್ತೀರಾ ಅಂತ ಕೇಳಿ, ಹೌದು ಅಂತ ಹೇಳಿಸ್ಕೊಂಡು ದುಡ್ಡು ಕಟ್ಟಿ. ಮಳೆ ಇದ್ರೆ ಟಾರ್ಚು, ಉಂಬಳಕ್ಕೆ, ಅಂದ್ರೆ ಜಿಗಣೆಗೆ, ಸುಣ್ಣನೋ ಉಪ್ಪೋ ಜೊತೆಗಿರ್ಲಿ.

ನನ್ನ ಕಥೆ ಪೂರ್ತಿ ಮತ್ತೆ ಬರೆದೆ. ಈಗ ಮೊದಲ ಸಾಲಲ್ಲೇ ತೋಟ ಮಾರಿ ಆಗಿದೆ ಅಂತ ಹೇಳ್ಬಿಟ್ಟಿದೀನಿ, ವಾಲಿ ಸಾಯೋದು ಮೊದಲೇ ಗೊತ್ತಿರೋ ಹಾಗೆ. ಬೀಗ ಅಂದ್ರೆ ಒಂದು ರಾತ್ರಿ: ಬೆಳಿಗ್ಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಬೇಕು, ಹೊಳೆ ತುಂಬಿ ರಸ್ತೆ ಬಂದ್, ಅಪ್ಪ ಮಗ ಒಂದೇ ಮನೇಲಿ. ವಸ್ತು ಅಂದ್ರೆ ಅಪ್ಪ ಮರ ಹತ್ತೋಕೆ ಕಾಲಿಗೆ ಹಾಕ್ಕೊಳೋ ಹಗ್ಗ, ಮಗ ಅದನ್ನ ಅಟ್ಟದಲ್ಲಿ ಬಚ್ಚಿಟ್ಟಿರ್ತಾನೆ. ಪತ್ರಿಕೆಗೆ ಇನ್ನೂ ಕಳಿಸಿಲ್ಲ. ಮೊದಲು ಊರಿಗೆ ಕಳಿಸ್ದೆ, ಅಪ್ಪಯ್ಯಂಗೆ. ಮೂರು ದಿನ ಏನೂ ಹೇಳ್ಲಿಲ್ಲ. ನಾಲ್ಕನೇ ದಿನ ರಾತ್ರಿ ಊಟ ಆದ್ಮೇಲೆ ಫೋನ್ ಮಾಡಿ, ತೋಟದ ವಿಷಯ ಎತ್ಲಿಲ್ಲ, ಮಗನ ಮಾತಿನ ಬಗ್ಗೆ ಎತ್ಲಿಲ್ಲ. ಕೊಳೆಗೆ ಹೊಡೆಯೋ ಬೋರ್ಡೋ ಔಷಧಿ ಮಾಡೋದು ತಪ್ಪು ಬರೆದಿದೀಯ ತಮಾ, ಸುಣ್ಣದ ನೀರನ್ನ ಮೈಲುತುತ್ತಕ್ಕೆ ಹೊಯ್ಯೋದಲ್ಲ, ಮೈಲುತುತ್ತದ ನೀರನ್ನ ಸುಣ್ಣಕ್ಕೆ ಹೊಯ್ಯಬೇಕು, ಒಂದೊಂದು ಕೇಜಿಗೆ ನೂರು ಲೀಟರ್ ಲೆಕ್ಕ, ಸರಿ ಮಾಡು ಅಂದ್ರು. ಆಮೇಲೆ ಸ್ವಲ್ಪ ತಡೆದು, ಆ ಹಗ್ಗ ನಮ್ಮನೇಲಿ ಎಲ್ಲಿದೆ ಅಂತ ನಿಂಗೆ ಗೊತ್ತಾ ಅಂತ ಕೇಳಿದ್ರು.